ಎಕ್ಸ್‌ರೇ ಚೆನ್ನಾಗಿದೆ ಅಂತಾರೆ, ನೋವು ಮಾತ್ರ ಹೋಗಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗ ರಿಟೈರ್ ಆಗಿದ್ದೇನೆ. ವಯಸ್ಸು 61. ಶುಗರ್, ಬಿಪಿ ಎರಡೂ ಇದೆ. ಬಲಗಡೆ ಸೊಂಟದ ಕೀಲು ಸವೆದಿದೆ ಎಂದು 16 ತಿಂಗಳ ಹಿಂದೆ ಕೀಲು ಬದಲಿಸುವ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಒಂದು ವಾರ ಗಾಯದಿಂದ ನೀರು ಬರುತ್ತಿತ್ತು, ಮಾತ್ರೆ ಕೊಟ್ಟರು, ನಿಂತುಹೋಯಿತು. ಮೂರು ತಿಂಗಳಿಗೆ ಎಲ್ಲಾ ಸರಿಹೋಗುತ್ತದೆ ಅಂದಿದ್ದರು. ಇವತ್ತಿಗೂ ಸೊಂಟ ನೋವು ಹೋಗಿಲ್ಲ. ಕುರ್ಚಿಯಿಂದ ಎದ್ದರೆ ನೋವು, ಕಾರು ಹತ್ತಿದರೆ ನೋವು, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವು. ಮೂರು ಸಲ ಎಕ್ಸ್‌ರೇ ತೆಗೆದರು. 'ಕೀಲು ಚೆನ್ನಾಗಿ ಕೂತಿದೆ, ನೀವೇ ಜಾಸ್ತಿ ಯೋಚನೆ ಮಾಡ್ತೀರಿ' ಅಂತಾರೆ. ಮಗ ಸೊಸೆ ಒಳ್ಳೆಯವರೇ, ಆದರೆ ಅವರ ಮುಖದಲ್ಲೂ ಈಗ ಅದೇ ಮಾತು ಕಾಣುತ್ತದೆ. ದಿನಕ್ಕೊಂದು ನೋವಿನ ಮಾತ್ರೆ ನುಂಗುತ್ತಿದ್ದೇನೆ. ಇದೆಲ್ಲಾ ನಿಜವಾಗಿಯೂ ನನ್ನ ಮನಸ್ಸಿನದಾ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಮಸ್ಕಾರ ಟೀಚರ್. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಇದು ನಿಮ್ಮ ಮನಸ್ಸಿನದಲ್ಲ. ನೋವಿದೆ ಎಂದರೆ ಇದೆ. ಎಕ್ಸ್‌ರೇಯಲ್ಲಿ ಮೂಳೆ ಮತ್ತು ಲೋಹ ಕಾಣುತ್ತದೆ, ನೋವು ಕಾಣುವುದಿಲ್ಲ. ಮಾಂಸಖಂಡ, ನರ, ಮೆಲ್ಲಗೆ ಒಳಗೇ ಕೂತಿರುವ ಸೋಂಕು, ಇವು ಯಾವುವೂ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ 'ಎಕ್ಸ್‌ರೇ ಚೆನ್ನಾಗಿದೆ' ಅನ್ನುವುದು ಹುಡುಕಾಟದ ಮೊದಲ ಪುಟ ಅಷ್ಟೇ. ನಿಮ್ಮ ವಿಷಯದಲ್ಲಿ ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟಿದ್ದಾರೆ, ನನಗೆ ಬೇಜಾರಾಗಿದ್ದು ಅದಕ್ಕೆ.

ನೀವು ಒಬ್ಬರೇ ಅಲ್ಲ, ಅದನ್ನೂ ತಿಳಿದುಕೊಳ್ಳಿ. ಸೊಂಟದ ಕೀಲು ಬದಲಾವಣೆ ಬಹಳ ಒಳ್ಳೆಯ ಆಪರೇಷನ್, 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಶತಮಾನದ ಆಪರೇಷನ್ ಎಂದೇ ಕರೆದಿದ್ದರು. ಅದು ನಿಜ ಕೂಡ. ಆದರೆ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆಪರೇಷನ್ ಆದ ನೂರು ಜನರಲ್ಲಿ 7ರಿಂದ 23 ಜನಕ್ಕೆ ಬಹಳ ಕಾಲ ನೋವು ಉಳಿದಿದ್ದು ಕಂಡುಬಂದಿದೆ. ಕ್ಲಾಸಿನಲ್ಲಿ ಎಲ್ಲರೂ ಪಾಸು, ನಾನೊಬ್ಬಳೇ ಫೇಲು ಅಂತ ಮಗು ತಲೆ ತಗ್ಗಿಸಿ ಕೂತಿರುತ್ತದಲ್ಲ, ನೋವು ಉಳಿದವರು ಹಾಗೇ ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಒಂದು ಸಾಲನ್ನು ಹೀಗೆ ಹೇಳಿ ಹಾಗೆ ದಾಟಿಬಿಟ್ಟಿದ್ದೀರಿ. ಗಾಯದಿಂದ ಒಂದು ವಾರ ನೀರು ಬಂದ ವಿಷಯ. ನಾನು ಅಲ್ಲೇ ನಿಂತೆ. ಶುಗರ್ ಇರುವವರಿಗೆ ಹೊಲಿಗೆ ಬಿಚ್ಚಿದ ಮೇಲೂ ಗಾಯ ಸೋರಿದ್ದರೆ, ಅದು ಒಣಗಿದೆ ಎಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದು ಹೇಳಲಾಗದು. ಹೊಸ ಕೀಲಿನ ಸುತ್ತ ಸೋಂಕು ಜ್ವರವಿಲ್ಲದೆ, ಕೀವಿಲ್ಲದೆ, ಬರೀ ನೋವಾಗಿ ವರ್ಷಗಟ್ಟಲೆ ಕೂತಿರಬಹುದು. ನಿಮಗೆ ಸೋಂಕು ಇದೆ ಅಂತ ನಾನು ಹೇಳುತ್ತಿಲ್ಲ, ಹೆದರಬೇಡಿ. ಆದರೆ ಮೊದಲು ನೋಡಬೇಕಾದ್ದು ಅದನ್ನೇ. ಒಳಗೆ ಉರಿಯೂತ ಇದೆಯಾ ಎಂದು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ಅಂತ ಎರಡು ರಕ್ತಪರೀಕ್ಷೆ, ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುತ್ತದೆ. ಆಪರೇಷನ್ ಆಗಿ 16 ತಿಂಗಳಾದ ಮೇಲೆ ಇವು ಮಾಮೂಲಿಗೆ ಇಳಿದಿರಬೇಕು. ಜಾಸ್ತಿ ಇದ್ದರೆ, ಅಥವಾ ಮಾಮೂಲಿ ಇದ್ದರೂ ಡಾಕ್ಟರಿಗೆ ಅನುಮಾನ ಉಳಿದರೆ, ಆಪರೇಷನ್ ಥಿಯೇಟರಿನಲ್ಲಿ ಶುದ್ಧವಾಗಿ ಸೂಜಿ ಹಾಕಿ ಕೀಲಿನೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೂ ಮೊದಲು ಯಾರೇ ಹೇಳಿದರೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ನುಂಗಿದರೆ ಕ್ರಿಮಿ ಅಡಗಿ ಕೂರುತ್ತದೆ, ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಎರಡನೆಯದು, 'ಸೊಂಟ' ಅನ್ನುವ ಪದ. ಕನ್ನಡದಲ್ಲಿ ನಾವು ಬೆನ್ನಿನ ಕೆಳಭಾಗಕ್ಕೂ ಸೊಂಟ ಅಂತೀವಿ, ಸೀರೆ ಕಟ್ಟುವ ಜಾಗಕ್ಕೂ ಸೊಂಟ, ಪಕ್ಕದ ಚಪ್ಪೆ ಮೂಳೆಗೂ ಸೊಂಟ. ಹುಬ್ಬಳ್ಳಿ ಕಡೆಯವರು ಟೊಂಕ ಅಂದರೂ ಅದೇ ಕಥೆ. ಡಾಕ್ಟರ್ 'ಎಲ್ಲಿ ನೋವು' ಅಂತಾರೆ, ನಾವು 'ಸೊಂಟ' ಅಂತೀವಿ, ಅವರು ಕೀಲಿನ ಎಕ್ಸ್‌ರೇ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು.

ನನ್ನ ಹತ್ತಿರ ಒಬ್ಬ ಹಿರಿಯರು ಬಂದಿದ್ದರು, ತೆಂಗಿನ ತೋಟದವರು. ಅವರಿಗೂ ಒಂದೂವರೆ ವರ್ಷದ ನೋವು, ಕೈಯಲ್ಲಿ ದಪ್ಪ ಫೈಲು. ನೋವು ತೋರಿಸಿ ಎಂದರೆ ಇಡೀ ಅಂಗೈಯನ್ನು ಪಕ್ಕೆಗೆ ಅಂಟಿಸಿಕೊಂಡರು. 'ಹಂಗಲ್ಲ ಯಜಮಾನ್ರೇ, ಒಂದೇ ಬೆರಳಲ್ಲಿ ತೋರಿಸಿ' ಅಂದೆ. ಸ್ವಲ್ಪ ಹೊತ್ತು ಬೆರಳು ಅಲ್ಲಿ ಇಲ್ಲಿ ಓಡಾಡಿತು, ಆಮೇಲೆ ಮೆಲ್ಲಗೆ ಮುಂದಕ್ಕೆ ಬಂದು ತೊಡೆಸಂದಿನಲ್ಲಿ ನಿಂತಿತು. ಕೂತಲ್ಲೇ ಆ ಕಾಲನ್ನು ಮೇಲೆತ್ತಿ ಎಂದೆ. ಅವರು ಎರಡೂ ಕೈ ತೊಡೆಯ ಕೆಳಗೆ ತೂರಿಸಿ, ಕಾಲನ್ನು ಚೀಲ ಎತ್ತಿದ ಹಾಗೆ ಎತ್ತಿಟ್ಟರು. 'ಆಟೋ ಹತ್ತೋದೂ ಹಿಂಗೇ ಡಾಕ್ಟ್ರೇ' ಅಂದರು. ಆ ಫೈಲಿನಲ್ಲಿ ಎಲ್ಲೂ ಇಲ್ಲದ ಉತ್ತರ ಅಲ್ಲಿತ್ತು. ಬೆನ್ನುಮೂಳೆಯಿಂದ ತೊಡೆಸಂದಿಗೆ ಇಳಿದು ಬರುವ ಸೋಆಸ್ ಎಂಬ ಮಾಂಸಖಂಡ ಇದೆ, ಕಾಲು ಮೇಲೆತ್ತುವುದು ಅದರ ಕೆಲಸ. ಅದರ ನಾರು ಹೊಸ ಕೀಲಿನ ಬಟ್ಟಲಿನ, ಅಂದರೆ ಕಪ್‌ನ ಅಂಚಿಗೆ ಉಜ್ಜಿ ಕೆರಳಿತ್ತು. ಸ್ಕ್ಯಾನಿಂಗ್ ನೋಡುತ್ತಾ ಕೊಟ್ಟ ಒಂದು ಇಂಜೆಕ್ಷನ್, ಮೂರು ತಿಂಗಳ ಫಿಸಿಯೋಥೆರಪಿ, ಈಗ ತೋಟ ಸುತ್ತುತ್ತಾರೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ.

ಹಾಗಾಗಿ ನೀವೂ ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಬರೆಯಿರಿ: ಬೆರಳು ಎಲ್ಲಿಗೆ ಹೋಗುತ್ತದೆ, ಏನು ಮಾಡಿದಾಗ, ಎಷ್ಟು ಹೊತ್ತು. ನಿಮ್ಮ ಪತ್ರದಲ್ಲಿ ಮೂರು ನೋವಿದೆ, ಮೂರೂ ಒಂದೇ ಜಾಗದ್ದು ಎಂದು ನನಗೆ ಅನ್ನಿಸುವುದಿಲ್ಲ. ಕಾರು ಹತ್ತುವಾಗ ತೊಡೆಸಂದಿನಲ್ಲಿ ಹಿಡಿದರೆ ಸೋಆಸ್ ಇರಬಹುದು. ಆ ಮಗ್ಗುಲಿಗೆ ಮಲಗಿದಾಗ ಪಕ್ಕದ ಗುಬುಟು ಮೂಳೆಯ ಮೇಲೆ ನೋವಾದರೆ, ಅಲ್ಲಿ ಅಂಟಿರುವ ಪೃಷ್ಠದ ಮಾಂಸಖಂಡದ ನಾರು ಸೋತಿರಬಹುದು, ಇದು ಹೆಂಗಸರಿಗೆ ಜಾಸ್ತಿ. ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಯ ಮುಂಭಾಗದಲ್ಲಿ ನೋವು ಬಂದು ಆಮೇಲೆ ಕಮ್ಮಿಯಾದರೆ, ತೊಡೆಮೂಳೆಯೊಳಗೆ ಇಟ್ಟಿರುವ ಲೋಹದ ಕಡ್ಡಿ (ಸ್ಟೆಮ್) ಸಡಿಲವಾಗಿದೆಯಾ ಎಂದು ನೋಡಬೇಕು. ಅದಕ್ಕೆ ಹೊಸ ಎಕ್ಸ್‌ರೇ ಒಂದನ್ನೇ ನೋಡಿದರೆ ಸಾಲದು, ಆಪರೇಷನ್ ಆದ ಮರುದಿನದ ಎಕ್ಸ್‌ರೇ ಪಕ್ಕದಲ್ಲಿಟ್ಟು ಹೋಲಿಸಬೇಕು, ಹಳೆಯ ಫಿಲ್ಮ್ ಬಿಸಾಡಬೇಡಿ. ನೋವು ಪೃಷ್ಠದಿಂದ ಶುರುವಾಗಿ ಮಂಡಿಯ ಕೆಳಗೂ ಇಳಿದರೆ, ಕಾಲು ಜೋಮು ಹಿಡಿದರೆ, ತಪ್ಪು ಕೀಲಿನದ್ದಲ್ಲ, ಬೆನ್ನಿನದ್ದಿರಬಹುದು. ಸವೆದ ಕೀಲು ಮತ್ತು ಸವೆದ ಬೆನ್ನು ಒಂದೇ ವಯಸ್ಸಿನಲ್ಲಿ ಜೊತೆಯಾಗಿಯೇ ಬರುತ್ತವೆ ಅಲ್ವಾ, ಒಂದನ್ನು ಸರಿಮಾಡಿದ ಮೇಲೆ ಇನ್ನೊಂದು ಎದ್ದು ಕಾಣುತ್ತದೆ.

ಇಷ್ಟೆಲ್ಲಾ ನೋಡಿದ ಮೇಲೂ ಕೆಲವರಿಗೆ ಕಾರಣ ಸಿಗುವುದಿಲ್ಲ. ಅವರ ನೋವೂ ಸುಳ್ಳಲ್ಲ. ಮನೆಗೆ ಒಮ್ಮೆ ಕಳ್ಳ ಬಂದು ಹೋದ ಮೇಲೆ ನಾಯಿ ಏನು ಮಾಡುತ್ತದೆ ನೋಡಿ, ಕಳ್ಳ ಜೈಲಿನಲ್ಲಿದ್ದರೂ ಒಣ ಎಲೆ ಅಲುಗಿದರೆ ಬೊಗಳುತ್ತದೆ. ಆಪರೇಷನ್ನಿಗೆ ಮೊದಲು ನಾಲ್ಕೈದು ವರ್ಷ ನೋವು ತಿಂದ ನರಗಳು ಹಾಗೇ ಆಗಿಬಿಟ್ಟಿರುತ್ತವೆ. ಕೆಟ್ಟ ಕೀಲು ಹೋಗಿದೆ, ಕಾವಲು ಹೋಗಿಲ್ಲ. ನಿದ್ದೆ ಕೆಟ್ಟರೆ, ಮನೆಯಲ್ಲಿ ಯಾರೂ ನಂಬದಿದ್ದರೆ ಆ ಬೊಗಳುವಿಕೆ ಇನ್ನೂ ಜಾಸ್ತಿ. ಈ ಸಾಲನ್ನು ನಿಮ್ಮ ಮಗನಿಗೂ ಓದಿಸಿ. ಅಮ್ಮನ ಮಾತು ನಂಬುವುದು ಬರೀ ಸಮಾಧಾನಕ್ಕಲ್ಲ, ಅದೂ ಚಿಕಿತ್ಸೆಯ ಭಾಗ.

ಇಂಥ ನೋವಿಗೆ ದಿನಾ ನುಂಗುವ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಶುಗರ್, ಬಿಪಿ ಇರುವ ನಿಮಗೆ ಅದು ಕಿಡ್ನಿಗೂ ಹೊಟ್ಟೆಗೂ ಕೆಟ್ಟದ್ದು. ಆ ರಕ್ತಪರೀಕ್ಷೆಯ ಜೊತೆಗೇ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕೂಡ ಮಾಡಿಸಿ, ಮಾತ್ರೆಯ ಹೆಸರು ನಿಮ್ಮ ಶುಗರ್ ಡಾಕ್ಟರಿಗೆ ತೋರಿಸಿ. ಉರಿ, ಕರೆಂಟು ಹೊಡೆದಂತೆ, ಚುಚ್ಚಿದಂತೆ ನೋವಿದ್ದರೆ ನರದ ಮಾತ್ರೆಗಳು ಬೇರೆಯೇ ಇವೆ. ಅವುಗಳಲ್ಲಿ ಕೆಲವು ತಲೆಸುತ್ತು ತರುತ್ತವೆ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದರೆ ಕಷ್ಟ. ಕಮ್ಮಿ ಡೋಸಿನಿಂದ ಶುರುಮಾಡಿಸಿಕೊಳ್ಳಿ, ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಇನ್ನು ದಿನದ ಬದುಕು. ನಮ್ಮ ಹೆಂಗಸರು ಮಾಡುವ ಒಂದು ತಪ್ಪು ನನಗೆ ಚೆನ್ನಾಗಿ ಗೊತ್ತು. ನೋವು ಕಮ್ಮಿ ಇದ್ದ ದಿನ ಅಟ್ಟ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ, ಹಪ್ಪಳವನ್ನೂ ಒತ್ತಿ ಮುಗಿಸುತ್ತಾರೆ. ಮುಂದಿನ ಮೂರು ದಿನ ಹಾಸಿಗೆ. ಹಾಗೆ ಮಾಡಬೇಡಿ. ಗಡಿಯಾರ ನೋಡಿ ನಡೆಯಿರಿ, ನೋವು ನೋಡಿ ಅಲ್ಲ. ಮರುದಿನ ಕೆರಳದ ಹಾಗೆ ಎಷ್ಟು ನಿಮಿಷ ನಡೆಯಬಲ್ಲಿರಿ? ಆರು ನಿಮಿಷವಾ? ಬೆಳಿಗ್ಗೆ ಆರು, ಸಂಜೆ ಆರು. ಒಳ್ಳೆಯ ದಿನವೂ ಆರೇ, ಕೆಟ್ಟ ದಿನವೂ ಆರೇ. ವಾರಕ್ಕೊಂದು ನಿಮಿಷ ಸೇರಿಸಿ. ಕೋಲು ಹಿಡಿಯುವುದಾದರೆ ಎಡಗೈಯಲ್ಲಿ, ಅಂದರೆ ನೋವಿಲ್ಲದ ಕಡೆ. ಬಹಳ ಜನ ನೋವಿನ ಕಡೆಯೇ ಹಿಡಿದು ವಾಲುತ್ತಾ ನಡೆಯುತ್ತಾರೆ. ರಾತ್ರಿ ಎಡ ಮಗ್ಗುಲಿಗೆ ಮಲಗಿ, ಎರಡು ಮಂಡಿಗಳ ನಡುವೆ ದಪ್ಪ ದಿಂಬಿರಲಿ. ಕಾರಿಗೆ ಕಾಲು ಮೊದಲು ಹಾಕಬೇಡಿ, ಬೆನ್ನು ತಿರುಗಿಸಿ ಸೀಟಿನಲ್ಲಿ ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತನ್ನಿ, ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಕಿದರೆ ಸಲೀಸಾಗಿ ಜಾರುತ್ತದೆ. ಸೋಂಕು ಮತ್ತು ಸಡಿಲ ಎರಡೂ ಇಲ್ಲ ಎಂದು ಗೊತ್ತಾದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಪಕ್ಕದ ಮಾಂಸಖಂಡ ಗಟ್ಟಿಮಾಡುವ ವ್ಯಾಯಾಮ ಕಲಿಯಿರಿ. ಅಡುಗೆ ಕಟ್ಟೆ ಹಿಡಿದು ನೆಟ್ಟಗೆ ನಿಂತು ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿ ಇಳಿಸುವುದು ಅದರಲ್ಲಿ ಒಂದು, ಹಾಲು ಕಾಯುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಜ್ವರ ಬಂದರೆ, ಗಾಯದ ಜಾಗ ಕೆಂಪಾದರೆ ಅಥವಾ ಮತ್ತೆ ಸೋರಿದರೆ, ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ನೋಟ್‌ಬುಕ್ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸರ್, ನಾನು ಮಸ್ಕತ್‌ನಲ್ಲಿದ್ದೇನೆ, ಅಪ್ಪ ಅಮ್ಮ ಊರಿನಲ್ಲಿ. ಅಪ್ಪನಿಗೆ 67. 2009ರಲ್ಲಿ ಎಡಗಡೆ ಸೊಂಟದ ಕೀಲು ಬದಲಿಸಿದ್ದರು, ಚೆನ್ನಾಗಿದ್ದರು. ಎರಡು ವರ್ಷದಿಂದ ತೊಡೆಸಂದಿನಲ್ಲಿ ನೋವು. ಈಗ ಬೇರೆ ಆಸ್ಪತ್ರೆಯವರು ಇನ್ನೊಮ್ಮೆ ಕೀಲು ಬದಲಿಸೋಣ ಅಂತಾರೆ. ಯಾಕೆ ನೋವು ಎಂದು ಕೇಳಿದರೆ 'ತೆರೆದು ನೋಡೋಣ' ಅಂದರು. ಒಪ್ಪಲಾ?
– ಉಡುಪಿ ಕಡೆಯವನು

ಉತ್ತರ: ಆ ಮಾತಿಗೆ ಒಪ್ಪಬೇಡಿ. ನೋವಿನ ಕಾರಣ ಗೊತ್ತಿಲ್ಲದೆ ಮಾಡಿದ ಎರಡನೇ ಆಪರೇಷನ್ನಿನಿಂದ ನೋವು ಹೋಗುವುದು ಕಮ್ಮಿ, ಮತ್ತು ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಕಾರಣ ಹೇಳಲಿ. ಸೋಂಕು, ಸಡಿಲ, ಸವೆತ, ಯಾವುದು? ಮೇಲೆ ಟೀಚರ್‌ಗೆ ಹೇಳಿದ ಪರೀಕ್ಷೆಗಳೇ ಇಲ್ಲಿಗೂ ಅನ್ವಯ. ನೋವು ಕೀಲಿನೊಳಗಿನದೇ ಎಂದು ತಿಳಿಯಲು, ಕೀಲಿಗೆ ಮರಗಟ್ಟಿಸುವ ಔಷಧಿ ಹಾಕಿ ಕೆಲವು ಗಂಟೆ ನೋವು ಹೋಗುತ್ತದಾ ಎಂದು ನೋಡುವ ದಾರಿಯೂ ಇದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 2009. ಆ ಕಾಲದಲ್ಲಿ ಲೋಹದ ಗುಂಡು, ಲೋಹದ ಕಪ್ ಇರುವ ಕೀಲುಗಳನ್ನು ಬಹಳ ಹಾಕುತ್ತಿದ್ದರು. ಅವುಗಳಲ್ಲಿ ಡೀಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡರು. ಲೋಹಕ್ಕೆ ಲೋಹ ಉಜ್ಜಿ ಉದುರುವ ಸಣ್ಣ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸುತ್ತವೆ, ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಏರುತ್ತದೆ. ಅಪ್ಪನಿಗೆ ಯಾವುದು ಹಾಕಿದ್ದಾರೋ ನನಗೆ ಗೊತ್ತಿಲ್ಲ, ಆದರೆ ತಿಳಿಯುವುದು ಸುಲಭ. ಅಮ್ಮನಿಗೆ ಫೋನ್ ಮಾಡಿ, ಬೀರುವಿನಲ್ಲಿ ಹಳೆಯ ಡಿಸ್ಚಾರ್ಜ್ ಫೈಲು ಹುಡುಕಲು ಹೇಳಿ. ಒಳಗೆ ಒಂದು ಹಾಳೆಗೆ ಬಾರ್‌ಕೋಡ್ ಇರುವ ಮೂರ್ನಾಲ್ಕು ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕಂಪನಿ, ಮಾಡೆಲ್, ಸೈಜ್ ಎಲ್ಲಾ ಅದರಲ್ಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತರಿಸಿಕೊಂಡು, ಕೀಲು ಮರುಬದಲಾವಣೆಯನ್ನೇ ಜಾಸ್ತಿ ಮಾಡುವ ಒಬ್ಬ ಸರ್ಜನ್‌ಗೆ ತೋರಿಸಿ. ಫೈಲು ಸಿಗದಿದ್ದರೆ ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಐಪಿ (ಒಳರೋಗಿ) ನಂಬರ್, ತಾರೀಕು ಬರೆದು ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.