ಕಣಜಕ್ಕೆ ಇಷ್ಟು ಪುಟ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕಣಜಗಳ ಸಂಶೋಧನೆಗೆ ಅಷ್ಟೊಂದು ಪುಟ ಕೊಟ್ಟಿದ್ದೀರಿ. ನಮ್ಮ ನೆಲದ ಜೇನು, ಕಣಜಗಳನ್ನು ಬ್ರಿಟಿಷರು ನೂರು ವರ್ಷದ ಹಿಂದೆಯೇ ಪಟ್ಟಿ ಮಾಡಿ ಮುಗಿಸಿದ್ದಾರೆ. ಈಗ ಡಿಎನ್‌ಎ ಕಾಲ. ಸೂರಿನಡಿ ಕೂತು ಹುಳು ನೋಡುವುದರಿಂದ ಯಾರಿಗೇನು ಲಾಭ? ಜೇನುಸಾಕಣೆ ಬಗ್ಗೆ ಬರೆದಿದ್ದರೆ ರೈತರಿಗಾದರೂ ಉಪಯೋಗವಾಗುತ್ತಿತ್ತು. ಕಾಲೇಜಿನಲ್ಲಿ ಪಾಠ ಮಾಡುವವನಾಗಿ ಇದನ್ನು ಹೇಳಲೇಬೇಕಾಯಿತು.

ಸಂಪಾದಕರ ಉತ್ತರ:

ಮೇಷ್ಟ್ರೇ, ಹುಳುಗಳ ಬಗೆಗಿನ ಲೇಖನವನ್ನು ಕೊನೆಯ ಸಾಲಿನವರೆಗೂ ಓದಿ ಜಗಳಕ್ಕೆ ಬರುವ ಓದುಗರು ಸಿಗುವುದೇ ಅಪರೂಪ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಬ್ರಿಟಿಷರ ಕೆಲಸ ದೊಡ್ಡದು, ಒಪ್ಪಿದೆ. ಸೈನ್ಯದಲ್ಲಿದ್ದು ಆಮೇಲೆ ಬರ್ಮಾದ ಅರಣ್ಯ ಇಲಾಖೆ ಸೇರಿದ ಚಾರ್ಲ್ಸ್ ಥಾಮಸ್ ಬಿಂಗಮ್ 1897ರಲ್ಲಿ ಈ ಉಪಖಂಡದ ಕಣಜ ಮತ್ತು ಜೇನುಗಳ ಸಂಪುಟ ಹೊರತಂದರು. ಅದು ಗಟ್ಟಿ ಕೆಲಸ. ಡಿಎನ್‌ಎ ಕೂಡ ಬೇಕು. ಆದರೆ ‘ಮುಗಿಸಿದ್ದಾರೆ’ ಅಂದಿರಲ್ಲ, ನನ್ನ ತಕರಾರು ಅಲ್ಲೇ. ಸೂಜಿ ಚುಚ್ಚಿಟ್ಟ ಹುಳು ತನ್ನ ಬಣ್ಣ, ರೆಕ್ಕೆಯ ಗೆರೆ, ಕಾಲಿನ ರೋಮ ತೋರಿಸುತ್ತದೆ. ಅದು ಬದುಕಿದ್ದು ಹೇಗೆ ಅನ್ನುವುದನ್ನು ತೋರಿಸುವುದಿಲ್ಲ.

ಒಂದು ದುಂಬಿಯ ವಿಷಯ ಕೇಳಿ. ಮರ ಕೊರೆದು ಗೂಡು ಮಾಡುವ ದುಂಬಿಯೊಂದಕ್ಕೆ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಸಿಯಸ್ 1804ರಲ್ಲಿ ‘ಟ್ರಾಂಕ್ವೆಬಾರಿಕಾ’ ಎಂದು ಹೆಸರು ಕೊಟ್ಟರು. ತಮಿಳುನಾಡಿನ ತರಂಗಂಬಾಡಿ ಆಗ ಡೇನರ ಕೈಯಲ್ಲಿತ್ತು, ಆ ಊರಿನ ಹೆಸರೇ ಹುಳುವಿಗೂ ಬಂತು. ಇನ್ನೂರು ವರ್ಷ ಅದು ಪಟ್ಟಿಯಲ್ಲೇ ಇತ್ತು. ಅದು ಚಂದ್ರನಿಲ್ಲದ ರಾತ್ರಿಯಲ್ಲೂ ಹಾರಾಡುತ್ತದೆ ಎಂದು ಬೆಳಕು ಅಳೆದು ತೋರಿಸಿದವರು ಸಂಶೋಧಕರಾದ ಹೇಮಾ ಸೋಮನಾಥನ್, ರೆನೀ ಬೋರ್ಜೆಸ್ ಮತ್ತು ಅವರ ಸ್ವೀಡನ್ ಜೊತೆಗಾರರು. ಅದು ಪ್ರಕಟವಾದದ್ದು 2008ರಲ್ಲಿ. ಅದಕ್ಕೆ ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ರಾತ್ರಿ ಕೂರಬೇಕಾಯಿತು. ಲಂಡನ್ನಿನ ಮ್ಯೂಸಿಯಂ ಪೆಟ್ಟಿಗೆ ತೆರೆದು ನೋಡಿದ್ದರೆ ಇದು ತಿಳಿಯುತ್ತಿತ್ತಾ?

ಇನ್ನು ನೀವು ಲಾಭವಿಲ್ಲ ಎಂದ ಸೂರಿನಡಿಯ ಕಣಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರಾಘವೇಂದ್ರ ಗದಗಕರ್ ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಬಿಡುವಾದಾಗ ನೋಡುತ್ತಿದ್ದದ್ದು ಅಲ್ಲಿನ ಕಟ್ಟಡಗಳಲ್ಲಿ ಗೂಡು ಕಟ್ಟಿದ್ದ ರೋಪಾಲಿಡಿಯಾ ಮಾರ್ಜಿನೇಟಾ ಕಣಜವನ್ನು. ಆ ಬಿಡುವಿನ ಕೆಲಸವೇ ಜೀವಮಾನದ ಕೆಲಸವಾಯಿತು. 2001ರಲ್ಲಿ ಹಾರ್ವರ್ಡ್ ಪ್ರಕಾಶನ ಈ ಒಂದೇ ಕಣಜದ ಮೇಲೆ ಅವರ ಇಡೀ ಪುಸ್ತಕ ತಂದಿತು.

ವಿಧಾನ ಸರಳ. ಪ್ರತಿ ಕಣಜದ ಬೆನ್ನಿಗೆ ಬೇರೆ ಬೇರೆ ಬಣ್ಣದ ಸಣ್ಣ ಚುಕ್ಕೆ ಇಡುವುದು, ಆಮೇಲೆ ಗಂಟೆಗಟ್ಟಲೆ ಕೂತು ಯಾರು ಏನು ಮಾಡುತ್ತಾರೆ ಎಂದು ಬರೆಯುವುದು. ಹಾಗೆ ನೋಡಿದಾಗ ಕಂಡದ್ದೇನು? ಗೂಡಿನ ರಾಣಿ ಮಹಾ ಸಾಧು. ಯಾರ ಮೇಲೂ ಜೋರು ಮಾಡುವುದಿಲ್ಲ. ಅದನ್ನು ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಲಸದ ಕಣಜಗಳಲ್ಲೊಂದು ರೇಗಿ ಎಲ್ಲರ ಮೇಲೆ ಏರಿ ಹೋಗುತ್ತದೆ. ರಾಣಿಯನ್ನು ವಾಪಸ್ ಬಿಟ್ಟರೆ ತಣ್ಣಗಾಗುತ್ತದೆ. ಬಿಡದಿದ್ದರೆ ಮುಂದಿನ ರಾಣಿ ಅದೇ. ಆ ಉತ್ತರಾಧಿಕಾರಿ ಯಾರೆಂದು ನಮಗೆ ಮೊದಲೇ ಊಹಿಸಲು ಆಗುವುದಿಲ್ಲ, ಆದರೆ ಗೂಡಿನ ಕಣಜಗಳಿಗೆ ಗೊತ್ತಿರುತ್ತದೆ. ಗೂಡನ್ನು ಎರಡು ಪಾಲು ಮಾಡಿ, ನಡುವೆ ತಂತಿಜಾಲರಿ ಇಟ್ಟು, ರಾಣಿಯನ್ನು ಅತ್ತ ಇತ್ತ ಬದಲಿಸಿ ಗದಗಕರ್ ಮತ್ತು ಅನಿಂದಿತಾ ಭದ್ರ 2008ರಲ್ಲಿ ಇದನ್ನು ತೋರಿಸಿದರು. ತಪ್ಪು ಕಣಜ ಮೆರೆಯಲು ಹೊರಟಿದ್ದರೆ, ಸರಿಯಾದದ್ದು ಮುಂದೆ ಬಂದ ಕೂಡಲೇ ಜಗಳವಿಲ್ಲದೆ ಜಾಗ ಬಿಡುತ್ತದೆ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಇದು ಇಲ್ಲಿಯೇ ಆಗಬೇಕಾದ ಕೆಲಸ, ಯಾಕೆ ಗೊತ್ತೇ? ಚಳಿದೇಶಗಳಲ್ಲಿ ಕಾಗದದ ಗೂಡು ಕಟ್ಟುವ ಕಣಜಗಳ ಸಂಸಾರ ವಸಂತಕ್ಕೆ ಶುರುವಾಗಿ ಹಿಮ ಬೀಳುವ ಮೊದಲೇ ಮುಗಿಯುತ್ತದೆ. ನಮ್ಮಲ್ಲಿ ಅಂಥ ಚಳಿಗಾಲವಿಲ್ಲ. ಗೂಡು ವರ್ಷವಿಡೀ ನಡೆಯುತ್ತದೆ, ರಾಣಿಯರು ಬದಲಾಗುತ್ತಾರೆ. ಹೆಣ್ಣು ಕಣಜ ಯಾವ ತಿಂಗಳಲ್ಲಾದರೂ ಮನೆ ಬಿಟ್ಟು ಹೋಗಿ ತನ್ನದೇ ಗೂಡು ಕಟ್ಟಬಹುದು. ಹಾಗಿದ್ದೂ ಯಾಕೆ ಅಲ್ಲೇ ಉಳಿದು ಬೇರೆಯವರ ಮರಿ ಸಾಕುತ್ತದೆ? ಈ ಪ್ರಶ್ನೆ ಇಲ್ಲಿ ಎದ್ದಷ್ಟು ತೀವ್ರವಾಗಿ ಅಲ್ಲಿ ಏಳುವುದೇ ಇಲ್ಲ.

ನೀವು ಜೇನಿನ ಮಾತೆತ್ತಿದ್ದೀರಿ. ಅಲ್ಲೂ ಕಥೆ ಇದೇ. ಹೊರಗಿನ ಪಠ್ಯಗಳಲ್ಲಿ ಜೇನು ಅಂದರೆ ಯುರೋಪಿನ ಮೆಲ್ಲಿಫೆರಾ. ನಮ್ಮಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಚುಚ್ಚದ ಮುಜಂಟಿ ಎಲ್ಲ ಇವೆ. ಕೋಲುಜೇನು ತೆರೆದ ಆಕಾಶದ ಕೆಳಗೆ, ಜೇನುಹುಟ್ಟಿನ ಮೇಲ್ಭಾಗದಲ್ಲೇ ಕುಣಿದು ಜೊತೆಯವರಿಗೆ ಹೂವಿನ ದಾರಿ ಹೇಳುತ್ತದೆ. ಇದನ್ನು ನೋಡಲು 1950ರ ದಶಕದಲ್ಲಿ ಜರ್ಮನಿಯ ಮಾರ್ಟಿನ್ ಲಿಂಡಾವರ್ ಸಿಲೋನಿಗೆ ಬಂದರು. ಹೆಜ್ಜೇನು ಹುಟ್ಟಿನ ಮೈಮೇಲೆ ಅಲೆ ಎಬ್ಬಿಸಿ ದೊಡ್ಡ ಕಣಜಗಳನ್ನು ಓಡಿಸುತ್ತದೆ. ಅದನ್ನು ಚಿತ್ರಿಸಲು ಆಸ್ಟ್ರಿಯಾದವರು ನೇಪಾಳಕ್ಕೆ ಬಂದರು. ಅವರಿಗೆ ಇಷ್ಟು ದೂರ ಬರಬೇಕೆನಿಸಿತು. ನಮ್ಮ ನೀರಿನ ಟ್ಯಾಂಕಿನಡಿ ಅದೇ ಹುಟ್ಟು ಕಂಡರೆ ನಾವು ಬೆಂಕಿ, ಸ್ಪ್ರೇ ಹುಡುಕುತ್ತೇವೆ.

1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಬಂತಲ್ಲ, ಕೊಡಗು, ಮಲೆನಾಡಿನ ಜೇನುಸಾಕಣೆಗಾರರನ್ನು ಕೇಳಿ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಮರಿಗಳು ಕೋಶ ಆಗುವ ಮೊದಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಪೆಟ್ಟಿಗೆಗಳು ಸಾಲು ಸಾಲಾಗಿ ಖಾಲಿಯಾದವು. ಆಗ ಬೇಕಾಗಿದ್ದದ್ದು ತುಡುವೆಯನ್ನೇ ಬಲ್ಲವರು. ರೋಗ ತಡೆದು ಉಳಿದ ಕುಟುಂಬಗಳನ್ನು ಗುರುತಿಸಿ ಬೆಳೆಸುವವರು. ಮೆಲ್ಲಿಫೆರಾದ ಪಾಠ ಅಲ್ಲಿ ಸಾಕಾಗಲಿಲ್ಲ.

ಲಾಭವೇ ಬೇಕಂದರೆ ಪಪ್ಪಾಯಿ ಬೆಳೆಗಾರರನ್ನೂ ಕೇಳಿ. 2008ರಲ್ಲಿ ತಮಿಳುನಾಡಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆ ಹಿಪ್ಪುನೇರಳೆಗೂ ಹಬ್ಬಿ ರೈತರನ್ನು ಅಳಿಸಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಕೇಂದ್ರ ಪೋರ್ಟೊರಿಕೊದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು (ತಿಗಣೆಯ ಮೈಯಲ್ಲಿ ಮೊಟ್ಟೆ ಇಟ್ಟು ಅದನ್ನು ಕೊಲ್ಲುವಂಥವು) ತರಿಸಿ, ಬೆಳೆಸಿ, ಹೊಲಕ್ಕೆ ಬಿಟ್ಟಿತು. ತಿಗಣೆ ಹತೋಟಿಗೆ ಬಂತು. ಇಂಥ ಪುಟಾಣಿ ಕಣಜಗಳನ್ನು ಬೇರ್ಪಡಿಸಿ ಗುರುತಿಸುವ ಕಣ್ಣು ಬೇಕಲ್ಲ? ಕಲ್ಲಿಕೋಟೆ ವಿಶ್ವವಿದ್ಯಾಲಯದ ಟಿ.ಸಿ. ನರೇಂದ್ರನ್ ಅಂಥ ಕಣಜಗಳನ್ನು ವಿವರಿಸುವುದಕ್ಕೇ ಬದುಕು ಸವೆಸಿದರು. ಅವರಂಥವರ ಜಾಗಕ್ಕೆ ಈಗ ಯಾರು ಬರುತ್ತಾರೆ? ಮೂರು ವರ್ಷದ ಪ್ರಾಜೆಕ್ಟ್ ದುಡ್ಡಿನಲ್ಲಿ ಇಪ್ಪತ್ತು ವರ್ಷದ ತಾಳ್ಮೆ ಬೆಳೆಯುವುದಿಲ್ಲ. ಹುಳು ಗುರುತಿಸುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದ ಹುಡುಗಿಗೆ ‘ಸುಮ್ನೆ ಬಯೋಟೆಕ್ ತಗೊಳ್ಳಮ್ಮ’ ಎಂದು ಬುದ್ಧಿ ಹೇಳುವವರು ನಾವೇ. ಕಾಡಿನ ಜೇನುಕುರುಬರಿಗೆ ಹೆಜ್ಜೇನಿನ ಬಗ್ಗೆ ಗೊತ್ತಿರುವುದನ್ನು ಅವರ ಹೆಸರಿನಲ್ಲೇ ಬರೆದಿಡುವ ಕೆಲಸವೂ ಸಾಲದು.

ಮೇಷ್ಟ್ರೇ, ಕಾಲೇಜಿನ ಸೂರಿನಡಿ ಒಂದಾದರೂ ಗೂಡು ಇದ್ದೇ ಇರುತ್ತದೆ. ಪ್ರಾಣಿಶಾಸ್ತ್ರದ ಮಕ್ಕಳನ್ನು ತುಸು ದೂರದಲ್ಲಿ ಕೂರಿಸಿ, ಕೈಗೊಂದು ನೋಟ್‌ಬುಕ್ ಕೊಡಿ. ಒಂದು ವರ್ಷ ದಿನಾಂಕ, ವೇಳೆ ಹಾಕಿ ಕಂಡದ್ದನ್ನೆಲ್ಲ ಬರೆಯಲಿ. ಕನ್ನಡದಲ್ಲೇ ಬರೆದು ಕಳಿಸಲಿ, ಅಚ್ಚು ಮಾಡುವುದು ನಮ್ಮ ಕೆಲಸ.

— ಸಂಪಾದಕ