ಬಿಳಿ ಚುಕ್ಕಿಗೆ ಕ್ಲೀನರ್ ರಾಸ್ ಬಿಡಲೇ, ನಿಯಾನ್ ಗೋಬಿ ಬಿಡಲೇ?

ಎರಡೂ ಬೇಡ. ಬೇರೆ ಮೀನಿನ ಮೈಯ ಪರೋಪಜೀವಿಗಳನ್ನು ಕುಕ್ಕಿ ತಿನ್ನುತ್ತವೆ ಅಂತ ಹೆಸರಾದ ಪುಟ್ಟ ಕ್ಲೀನರ್ ಮೀನುಗಳು ಇವು.

ನೀವು ಕೇಳಿದ್ದು ಹೀಗೆ: ಉಪ್ಪುನೀರಿನ ಟ್ಯಾಂಕ್‌ನಲ್ಲಿರುವ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಬಿಳಿ ಚುಕ್ಕಿ ರೋಗ ಬಂದಿದೆ. ಟ್ಯಾಂಕ್‌ನಲ್ಲಿ ಸೀಗಡಿ, ಬಸವನಹುಳು ಇರೋದರಿಂದ ಔಷಧಿ ಹಾಕಲು ಭಯ. ಹಾಗಾಗಿ ಮೀನಿನ ಕೈಲೇ ವಾಸಿ ಮಾಡಿಸೋಣ ಅಂತ ಯೋಚನೆ. ಇಷ್ಟೇ ಅಲ್ವಾ? ನನ್ನ ಕತೆಯೂ ಇಲ್ಲಿಂದಲೇ ಶುರುವಾಗಿದ್ದು. ನನ್ನದೂ ಬ್ಲೂ ಟ್ಯಾಂಗೇ. ಬೆಂಗಳೂರಿನ ಫ್ಲ್ಯಾಟ್‌ನ ಹಾಲ್‌ನಲ್ಲಿ ನಾಲ್ಕು ಅಡಿಯ ಟ್ಯಾಂಕ್, ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಸೀಗಡಿ.

ಟ್ಯಾಂಗ್‌ನ ಕಪ್ಪು ಪಟ್ಟಿಯ ಮೇಲೆ ಮೊದಲು ನಾಲ್ಕೈದು ಚುಕ್ಕಿ ಕಂಡವು. ಆಗಾಗ ಓರೆಯಾಗಿ ಬಂದು ಬಂಡೆಗೆ ಮೈ ಉಜ್ಜಿ ಹೋಗುತ್ತಿತ್ತು. ಫೋನ್‌ನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಫೋಟೋ ಸರಿಯಾಗಿ ನೋಡಲೂ ಇಲ್ಲ. "ಸಾರ್, ಮದ್ದು ಗಿದ್ದು ಏನೂ ಬೇಡ. ಇದೊಂದು ಬಿಡಿ, ಎಲ್ಲಾ ತಿಂದು ಕ್ಲೀನ್ ಮಾಡುತ್ತೆ. ನ್ಯಾಚುರಲ್ಲು" ಅಂದ. ಕವರ್‌ನಲ್ಲಿ ಬೆರಳುದ್ದದ ಕ್ಲೀನರ್ ರಾಸ್. ಮೂತಿಯಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ, ಅದರ ಅಂಚಿಗೆ ಹೊಳೆಯುವ ನೀಲಿ. ಆ ನ್ಯಾಚುರಲ್ ಅನ್ನೋ ಮಾತಿಗೆ ನಾನು ಬಿದ್ದುಹೋದೆ.

ನಿಜ ಹೇಳಬೇಕೆಂದರೆ ನೋಡೋಕೆ ಬಹಳ ಚೆನ್ನಾಗಿತ್ತು. ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ರಾಸ್ ಬಾಲ ಎತ್ತಿ ಇಳಿಸಿ ಕುಣಿಯುತ್ತಾ ಟ್ಯಾಂಗ್ ಹತ್ತಿರ ಹೋಯಿತು. ಟ್ಯಾಂಗ್ ಈಜು ನಿಲ್ಲಿಸಿ, ರೆಕ್ಕೆಗಳನ್ನೆಲ್ಲ ಬಿಡಿಸಿ, ಮೈ ಓರೆ ಮಾಡಿ ನಿಂತಿತು. ಕಿವಿರು ಅಗಲಿಸಿ ಒಳಗೂ ಬಾ ಅಂತ ಕರೆಯಿತು. ರಾಸ್ ಅಲ್ಲಿ ಒಂದು, ಇಲ್ಲಿ ಒಂದು ಅಂತ ಕುಕ್ಕುತ್ತಾ ಹೋಯಿತು. ನಾವು ಮನೆಯವರೆಲ್ಲ ಟಿವಿ ಆಫ್ ಮಾಡಿ ಇದನ್ನೇ ನೋಡಿಕೊಂಡು ಕೂತೆವು. ವಾರ ತುಂಬೋದರೊಳಗೆ ಟ್ಯಾಂಗ್ ಮೈಮೇಲೆ ಒಂದು ಚುಕ್ಕಿಯೂ ಉಳಿದಿರಲಿಲ್ಲ.

ಇಲ್ಲಿ ಗಮನ ಕೊಟ್ಟು ಓದಿ, ನಾನು ಎಡವಿದ್ದು ಇಲ್ಲೇ. ರಾಸ್ ತಂದಿದ್ದು ದೊಡ್ಡ ತಪ್ಪಲ್ಲ. ಚುಕ್ಕಿ ಹೋಗಿದ್ದು ರಾಸ್‌ನಿಂದ ಅಂದುಕೊಂಡೆನಲ್ಲ, ಅದು ತಪ್ಪು. ಟ್ಯಾಂಕ್ ಈಗ ಶುದ್ಧ ಅಂತ ನಂಬಿ, ಬಹಳ ದಿನದಿಂದ ಆಸೆಪಟ್ಟಿದ್ದ ಪೌಡರ್ ಬ್ಲೂ ಟ್ಯಾಂಗ್ ತಂದು, ಕ್ವಾರಂಟೈನ್ ಮಾಡದೆ ಸೀದಾ ಅದರೊಳಗೆ ಬಿಟ್ಟೆ. ಸಮುದ್ರದ ಮೀನು ಸಾಕುವವರನ್ನು ಯಾರನ್ನು ಬೇಕಾದರೂ ಕೇಳಿ, ಬಿಳಿ ಚುಕ್ಕಿ ಬೇಗ ಹತ್ತಿಸಿಕೊಳ್ಳೋದರಲ್ಲಿ ಪೌಡರ್ ಬ್ಲೂಗೆ ಮೊದಲ ಸ್ಥಾನ ಅನ್ನುತ್ತಾರೆ.

ಈ ಚುಕ್ಕಿ ಏನು ಅಂತ ಆಮೇಲೆ ಕೂತು ಓದಿದೆ. ಇದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನೋ ಏಕಕೋಶ ಜೀವಿ. ನಮಗೆ ಕಾಣುವ ಚುಕ್ಕಿ ಚರ್ಮದ ಮೇಲೆ ಅಂಟಿಕೊಂಡಿರೋದಲ್ಲ, ಮೇಲ್ಪದರದ ಕೆಳಗೆ ಹೊಕ್ಕು ಕೂತಿರುತ್ತೆ. ಅಲ್ಲಿ 3ರಿಂದ 7 ದಿನ ತಿಂದು ಬೆಳೆಯುತ್ತೆ. ಹೊಟ್ಟೆ ತುಂಬಿದ ಮೇಲೆ ತಾನಾಗೇ ಮೀನನ್ನು ಬಿಟ್ಟು ಕೆಳಗೆ ಇಳಿಯುತ್ತೆ. ಯಾರೂ ಕೀಳಬೇಕಾಗಿಲ್ಲ, ಯಾರೂ ತಿನ್ನಬೇಕಾಗಿಲ್ಲ. ಮರಳಿಗೋ ಬಂಡೆಗೋ ಗಾಜಿಗೋ ಅಂಟಿಕೊಂಡು ಸುತ್ತ ಗೂಡಿನಂಥ ಗಟ್ಟಿ ಕೋಶ ಕಟ್ಟಿಕೊಳ್ಳುತ್ತೆ. ಒಳಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತೆ. ಒಂದು ಕೋಶದಿಂದ 200ರವರೆಗೂ ಮರಿ ಕ್ರಿಮಿಗಳು ಹೊರಬರಬಹುದು. ಇದಕ್ಕೆ ಸಾಮಾನ್ಯವಾಗಿ 3ರಿಂದ 28 ದಿನ ಬೇಕು. 72 ದಿನ ಕಾದು ಒಡೆದ ಕೋಶಗಳೂ ದಾಖಲಾಗಿವೆ. ಹೊರಬಂದ ಕ್ರಿಮಿಗೆ ಒಂದೆರಡು ದಿನದಲ್ಲಿ ಮೀನು ಸಿಗಲೇಬೇಕು, ಇಲ್ಲದಿದ್ದರೆ ಸಾಯುತ್ತೆ.

ಈಗ ನನ್ನ ಮನೆಯ ಲೆಕ್ಕ ನೋಡಿ. ಚುಕ್ಕಿ ಕಂಡಿತು. ಒಂದೆರಡು ದಿನ ಬಿಟ್ಟು ರಾಸ್ ಬಂತು. ಇನ್ನೊಂದೆರಡು ದಿನಕ್ಕೆ ಚುಕ್ಕಿ ಮಾಯ. ರಾಸ್ ಇರದಿದ್ದರೂ ಅದೇ ದಿನಕ್ಕೆ ಮಾಯವಾಗುತ್ತಿತ್ತು! ಅವು ಇಳಿದು ಹೋಗುವ ಸಮಯ ಬಂದಿತ್ತು, ಇಳಿದವು. ಹೆಸರು ರಾಸ್‌ಗೆ ಬಂತು. ನಾನು ಖುಷಿಯಲ್ಲಿ ಓಡಾಡುತ್ತಿದ್ದ ಆ ಸ್ವಚ್ಛ ದಿನಗಳಲ್ಲೇ ಮರಳಿನೊಳಗೆ ಒಂದೊಂದು ಚುಕ್ಕಿ ನೂರಾಗುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ನಾನು ಹೊಸ ಮೀನು ತಂದು ಬಿಟ್ಟೆ. ಚುಕ್ಕಿ ಕಾಣದ ದಿನಗಳೇ ಈ ರೋಗದ ಅತಿ ಕೆಟ್ಟ ದಿನಗಳು. ಇದೊಂದು ಗೊತ್ತಿದ್ದರೆ ನಾನು ಪೌಡರ್ ಬ್ಲೂ ತರುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ಕ್ರಿಮಿ ಮೀನಿನಿಂದ ಇಳಿಯೋದು, ಕೋಶ ಒಡೆದು ಮರಿಗಳು ಹೊರಬರೋದು, ಎರಡೂ ಹೆಚ್ಚಾಗಿ ಕತ್ತಲಲ್ಲಿ. ಮೀನು ತಳದಲ್ಲಿ, ಬಂಡೆ ಸಂದಿಯಲ್ಲಿ ಅಲುಗಾಡದೆ ಮಲಗಿರುವ ಹೊತ್ತು ಅದು. ಕ್ಲೀನರ್ ರಾಸ್ ಏನು ಮಾಡುತ್ತಿರುತ್ತೆ? ಅದೂ ಮಲಗಿರುತ್ತೆ. ಅದರ ಡ್ಯೂಟಿ ಹಗಲಿನದು.

ಮುಂದಿನದ್ದು ಬೇಗ ಮುಗಿಯಿತು. ಒಂದು ದಿನ ಬೆಳಗ್ಗೆ ಲೈಟ್ ಹಾಕಿದರೆ ಪೌಡರ್ ಬ್ಲೂ ಮೈಮೇಲೆ ರವೆ ಉದುರಿಸಿದ ಹಾಗಿತ್ತು. ಊಟ ಬಿಟ್ಟಿತ್ತು. ಪಂಪ್‌ನ ನೀರು ಬೀಳುವ ಕಡೆ ಮುಖ ಮಾಡಿ ಏದುಸಿರು ಬಿಡುತ್ತಿತ್ತು. ರಾಸ್ ಅದನ್ನು ಬಿಡುತ್ತಲೇ ಇರಲಿಲ್ಲ. ಹೋಗಿ ಹೋಗಿ ಕುಕ್ಕುತ್ತಿತ್ತು, ಮೀನು ಬೆಚ್ಚಿ ಓಡುತ್ತಿತ್ತು. ಪಾಪ, ಸುಮ್ನೆ ನಿಂತು ಉಸಿರಾಡೋಕೂ ಬಿಡಲಿಲ್ಲ. ಆಗ ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: "ರೀ, ಆ ಡಾಕ್ಟರ್ ಮೈಮೇಲೇ ಚುಕ್ಕಿ ಇದೆಯಲ್ರೀ?" ಬಗ್ಗಿ ನೋಡಿದೆ. ಇತ್ತು. ಬಾಲದ ಹತ್ತಿರ, ಕಪ್ಪು ಗೆರೆಯ ಮೇಲೇ.

ಎರಡೂ ಟ್ಯಾಂಗ್ ಹೋದವು. ಒಂದು ಕ್ಲೌನ್ ಹೋಯಿತು. ರಾಸ್ ಕೊನೆಗೆ ಹೋಯಿತು, ಹೊಟ್ಟೆ ಬೆನ್ನಿಗೆ ಅಂಟಿಕೊಂಡು. ಊಟಕ್ಕೆ ಮೈಸಿಸ್ ಅನ್ನೋ ಪುಟ್ಟ ಸೀಗಡಿ ಕೊಟ್ಟರೆ ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಹಾಕಿದ ಉಪ್ಪು, ಆರ್‌ಓ ನೀರು, ದುಡ್ಡು ಎಲ್ಲ ಒಂದು ಕಡೆ ಇರಲಿ, ಆ ಮೀನುಗಳನ್ನು ನಾನೇ ಕೊಂದೆ ಅನ್ನೋದು ಬಹಳ ದಿನ ಕೊರೆಯಿತು.

ಹಾಗಾದರೆ ಕ್ಲೀನರ್ ಮೀನು ಅನ್ನೋದೇ ಸುಳ್ಳಾ? ಅಲ್ಲ. ಸಮುದ್ರದಲ್ಲಿ ಅದು ಅಪ್ಪಟ ನಿಜ. ಆಮೇಲೊಮ್ಮೆ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋಗಿದ್ದಾಗ ನೋಡಿದ್ದೇನೆ. ಒಂದು ಬಂಡೆಯ ಮೂಲೆ ಹಿಡಿದು ಎರಡು ರಾಸ್ ಕೂತಿದ್ದವು, ಮೀನುಗಳೇ ಸರದಿ ಮೇಲೆ ಅಲ್ಲಿಗೆ ಬರುತ್ತಿದ್ದವು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟ್ಟರ್ ಅನ್ನೋ ವಿಜ್ಞಾನಿ ಎಣಿಸಿ ನೋಡಿದ್ದಾರೆ. ಒಂದು ರಾಸ್ ದಿನಕ್ಕೆ ಸರಾಸರಿ 1,200 ಪರೋಪಜೀವಿಗಳನ್ನು ತಿನ್ನುತ್ತೆ. ಆದರೆ ಅದು ತಿನ್ನೋದು ಹೆಚ್ಚಾಗಿ ನೇಥಿಯಿಡ್ ಅನ್ನೋ ರಕ್ತ ಹೀರುವ ಪುಟ್ಟ ಜೀವಿಗಳನ್ನು. ಅವು ಸೀಗಡಿಯ ದೂರದ ನೆಂಟರು, ಚರ್ಮದ ಮೇಲೆ ಕಚ್ಚಿಕೊಂಡಿರುತ್ತವೆ, ಕಣ್ಣಿಗೆ ಕಾಣುತ್ತವೆ, ಬಾಯಿಗೆ ಸಿಗುತ್ತವೆ. ಚರ್ಮದ ಒಳಗೆ ಹೊಕ್ಕ ಕ್ರಿಮಿ ಬೇರೆ ಕತೆ.

ಗ್ರಟ್ಟರ್ ಮತ್ತು ರೆಡುವಾನ್ ಬ್ಶಾರಿ ಅನ್ನೋ ಇನ್ನೊಬ್ಬ ವಿಜ್ಞಾನಿ ಸೇರಿ ಇನ್ನೊಂದು ಪರೀಕ್ಷೆ ಮಾಡಿದ್ದಾರೆ. ಆಯ್ಕೆ ಕೊಟ್ಟರೆ ರಾಸ್‌ಗೆ ಪರೋಪಜೀವಿಗಿಂತ ಮೀನಿನ ಮೈಯ ಲೋಳೆಯೇ ಇಷ್ಟ. ಸಮುದ್ರದಲ್ಲಿ ಅದು ಕದ್ದು ಲೋಳೆ ಕಚ್ಚಿದರೆ ಗಿರಾಕಿ ಸಿಟ್ಟಾಗಿ ಬೇರೆ ಕಡೆ ಹೋಗುತ್ತೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಗಿರಾಕಿ ಎಲ್ಲಿಗೆ ಹೋಗಬೇಕು? ಲೋಳೆ ಅಂದರೆ ಮೀನಿನ ಮೊದಲ ಕಾವಲು. ಕಾಯಿಲೆ ಬಿದ್ದ ಮೀನಿನಿಂದ ಅದನ್ನೇ ಕಿತ್ತು ತಿನ್ನಿಸೋಕೆ ನಾನು ದುಡ್ಡು ಕೊಟ್ಟಿದ್ದೆ.

ನಾರ್ವೆಯಲ್ಲಿ ಸಾಲ್ಮನ್ ಸಾಕುವವರು ಕ್ಲೀನರ್ ಮೀನು ಬಿಡುತ್ತಾರಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಬಿಡುತ್ತಾರೆ, ಲಂಪ್‌ಫಿಶ್ ಮತ್ತು ಬೇರೆ ಜಾತಿಯ ರಾಸ್. ಅಲ್ಲಿ ಅವು ತಿನ್ನೋದು ಸಾಲ್ಮನ್ ಹೇನು, ಬರಿಗಣ್ಣಿಗೆ ಕಾಣುವಂಥದ್ದು. ಅಲ್ಲೂ ಕ್ಲೀನರ್ ಮೀನುಗಳು ವಿಪರೀತ ಸಾಯುತ್ತವೆ ಅಂತ ತಕರಾರಿದೆ.

ನಿಯಾನ್ ಗೋಬಿ ವಿಷಯದಲ್ಲಿ ನನಗೆ ಇಷ್ಟು ಸಿಟ್ಟಿಲ್ಲ. ಅದು ಕೆರಿಬಿಯನ್ ಕಡೆಯ ಮೀನು, ಸಾಕಣೆಯಲ್ಲೇ ಮರಿ ಮಾಡಿಸಿದ್ದು ಸಿಗುತ್ತೆ, ಹಾಕಿದ ಊಟ ತಿಂದುಕೊಂಡು ಬದುಕುತ್ತೆ. ಚರ್ಮಕ್ಕೆ ಅಂಟುವ ಫ್ಲೂಕ್ ಹುಳಗಳನ್ನು ಕಮ್ಮಿ ಮಾಡುತ್ತೆ ಅನ್ನೋದಕ್ಕೆ ಆಧಾರವೂ ಇದೆ. ಮುಂದೆ ಎಲ್ಲ ಸರಿಹೋದ ಮೇಲೆ ಇಷ್ಟವಾದರೆ ಸಾಕಿ, ಚೆಂದದ ಮೀನು. ಬಿಳಿ ಚುಕ್ಕಿಗೆ ಔಷಧಿ ಅಂತ ತರಬೇಡಿ. ರಾಸ್ ಮಾತ್ರ ಯಾವತ್ತೂ ಬೇಡ. ಅದೇ ಲಿಜರ್ಡ್ ದ್ವೀಪದಲ್ಲಿ ಕೆಲವು ಬಂಡೆಗಳಿಂದ ರಾಸ್‌ಗಳನ್ನು ಎಂಟೂವರೆ ವರ್ಷ ತೆಗೆಯುತ್ತಾ ಬಂದು ನೋಡಿದಾಗ, ಆ ಬಂಡೆಗಳಲ್ಲಿ ಬೇರೆ ಮೀನುಗಳ ಸಂಖ್ಯೆಯೂ ಜಾತಿಯೂ ಕಮ್ಮಿಯಾಗಿದ್ದವು. ನಮ್ಮ ಹಾಲ್‌ನಲ್ಲಿ ಹಸಿದು ಸಾಯೋಕೆ ಅದನ್ನು ಅಲ್ಲಿಂದ ಕಿತ್ತು ತರಬೇಕಾ?

ಈಗ ನಿಮ್ಮ ಕೆಲಸ. ಟ್ಯಾಂಕ್‌ಗೆ ಔಷಧಿ ಹಾಕಬಾರದು ಅನ್ನೋ ನಿಮ್ಮ ಭಯ ಸರಿ, ಈ ರೋಗಕ್ಕೆ ಹಾಕುವ ಕಾಪರ್ (ತಾಮ್ರದ ಔಷಧಿ) ಬಿದ್ದರೆ ಸೀಗಡಿ, ಬಸವನಹುಳು ಉಳಿಯಲ್ಲ. ಆದರೆ ಔಷಧಿಯನ್ನು ಟ್ಯಾಂಕ್‌ಗೆ ಯಾಕೆ ಹಾಕಬೇಕು? ಮೀನುಗಳನ್ನು ಹೊರಗೆ ತೆಗೆಯಿರಿ. ಚುಕ್ಕಿ ಇರುವ ಒಂದನ್ನಲ್ಲ, ಎಲ್ಲವನ್ನೂ. ಎರಡು ಎರಡೂವರೆ ಅಡಿಯ ಬರಿ ಗಾಜಿನ ತೊಟ್ಟಿ, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳೋಕೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋ. ನಾನು ನಮ್ಮ ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಪಕ್ಕ ಇಟ್ಟಿದ್ದೇನೆ. ಮರಳು, ಬಂಡೆ ಹಾಕಬೇಡಿ, ಅವು ಕಾಪರ್ ಹೀರಿಕೊಳ್ಳುತ್ತವೆ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ. ಕಾಪರ್ ಪ್ರಮಾಣ ಬಾಟಲಿಯ ಮೇಲಿರುವ ಹಾಗೆ, ನಿಧಾನವಾಗಿ ಏರಿಸಿ, ಒಂದು ತಿಂಗಳು ಆ ಮಟ್ಟ ಇಳಿಯದ ಹಾಗೆ ನೋಡಿಕೊಳ್ಳಿ. ಒಂದೊಂದು ಬ್ರ್ಯಾಂಡ್‌ನ ಮಟ್ಟ ಒಂದೊಂದು, ಹಾಗಾಗಿ ಅದಕ್ಕೆ ಹೊಂದುವ ಟೆಸ್ಟ್ ಕಿಟ್ ಇಲ್ಲದೆ ಕೈ ಹಾಕಬೇಡಿ. ಅಮೋನಿಯಾ ಕಿಟ್ ಕೂಡ ಬೇಕೇ ಬೇಕು. ಹೊಸ ತೊಟ್ಟಿಯಲ್ಲಿ ಮೀನು ಸಾಯೋದು ಎಷ್ಟೋ ಸಲ ಅಮೋನಿಯಾದಿಂದ.

ಹಾಲ್‌ನ ಟ್ಯಾಂಕ್ ಹಾಗೇ ಓಡುತ್ತಿರಲಿ, ಒಂದೂ ಮೀನಿಲ್ಲದೆ. ಸೀಗಡಿ, ಬಸವನಹುಳು ಅಲ್ಲೇ ಇರಬಹುದು, ಈ ಕ್ರಿಮಿ ಅವುಗಳ ಮೇಲೆ ಬದುಕಲ್ಲ. ಅವಕ್ಕೆ ಸ್ವಲ್ಪ ಊಟ ಹಾಕುತ್ತಿರಿ. ಎಷ್ಟು ದಿನ? ಆ 72 ದಿನದ ಕೋಶದ ಲೆಕ್ಕ ಇಟ್ಟುಕೊಂಡೇ ಸಾಕುವವರಲ್ಲಿ 76 ದಿನ ಅನ್ನೋ ರೂಢಿ ಬಂದಿದೆ. ನೀರು ಬೆಚ್ಚಗಿದ್ದರೆ ಕಮ್ಮಿ ಸಾಕು ಅನ್ನುವವರಿದ್ದಾರೆ. ನಾನು 76ಕ್ಕಿಂತ ಒಂದು ದಿನವೂ ಕಮ್ಮಿ ಮಾಡಲ್ಲ. ಖಾಲಿ ಟ್ಯಾಂಕ್ ನೋಡಿ ಬಂದವರೆಲ್ಲ ಮೀನೆಲ್ಲಿ ಅಂತ ಕೇಳುತ್ತಾರೆ, ಕೇಳಲಿ ಬಿಡಿ. ಔಷಧಿ ತೊಟ್ಟಿಯಲ್ಲಿ ಬಳಸಿದ ಬಲೆ, ಬಕೆಟ್, ಒದ್ದೆ ಕೈ ಹಾಲ್‌ನ ಟ್ಯಾಂಕ್‌ಗೆ ಬರಬಾರದು, ಅಷ್ಟೇ.

ಇದೆಲ್ಲಕ್ಕೂ ಮೊದಲು ಈಗಲೇ ಒಂದು ಸಲ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಎಣಿಸೋಕೆ ಬರುವ ಬಿಡಿ ಚುಕ್ಕಿಗಳಾದರೆ ಮೇಲೆ ಹೇಳಿದ್ದು ಸರಿ. ಎಣಿಸೋಕಾಗದ ಸಣ್ಣ ಪುಡಿ ಮೆತ್ತಿದಂತಿದ್ದು, ಮೀನು ಬೆಳಕಿಗೆ ಹೆದರಿ ಅಡಗುತ್ತಾ, ಜೋರಾಗಿ ಉಸಿರಾಡುತ್ತಿದ್ದರೆ ಅದು ವೆಲ್ವೆಟ್ ಅನ್ನೋ ಬೇರೆ ರೋಗ ಇರಬಹುದು. ಅದಕ್ಕೂ ಕಾಪರ್ರೇ, ಆದರೆ ಅದು ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕ್ ಖಾಲಿ ಮಾಡಬಲ್ಲದು. ಹಾಗಿದ್ದರೆ ವೀಕೆಂಡ್‌ಗೆ ಕಾಯಬೇಡಿ, ಇವತ್ತೇ ಮೀನು ತೆಗೆಯಿರಿ. ಫೋಟೋ ಮತ್ತು ತೊಟ್ಟಿ ಎಷ್ಟು ಲೀಟರ್ ಅಂತ ಇಲ್ಲೇ ಕೆಳಗೆ ಹಾಕಿ, ಡೋಸ್ ಲೆಕ್ಕ ಒಟ್ಟಿಗೆ ನೋಡೋಣ.