ಹತ್ತಿ, ಗುಳೆ ಮತ್ತು ಜುಲೈ ಐದರ ಭಾಷಣ

ಇಂಗ್ಲಿಷ್ ಐಚ್ಛಿಕ ಮತ್ತು ಇತಿಹಾಸದವರ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲರದೂ ಒಂದೇ ತಲೆನೋವು: ಅಮೆರಿಕದ ಬಗ್ಗೆ ಅಸೈನ್‌ಮೆಂಟ್ ಬರೆಯುವುದು, ಬರೆಸುವುದು.

ಪ್ರಶ್ನೆ: 'ಅಮೆರಿಕನ್ ಡ್ರೀಮ್' ಅಂತ 1500 ಪದದ ಅಸೈನ್‌ಮೆಂಟ್ ಕೊಟ್ಟಾರ್ರಿ. ಕೊಲಂಬಸ್‌ನಿಂದ ಶುರು ಮಾಡಿ ಒಬಾಮಾ ತನಕ ಬರದೆ. ಮೇಡಂ "ಇದ್ರಾಗ ನಿನ್ನ ಮಾತು ಎಲ್ಲೈತಿ?" ಅಂತ ವಾಪಸ್ ಕೊಟ್ರು. ಹೆಂಗ ತಿದ್ದಲಿ?
— ಬಿ.ಎ. ವಿದ್ಯಾರ್ಥಿನಿ, ಬಳ್ಳಾರಿ

ತಿದ್ದಬೇಡಿ, ಹೊಸದಾಗಿ ಬರೆಯಿರಿ. ಐನೂರು ವರ್ಷವನ್ನು ಆರು ಪುಟಕ್ಕೆ ತುಂಬಲು ಹೋದರೆ ಪ್ರತಿ ಸಾಲೂ ಗೈಡಿನ ಸಾಲೇ ಆಗುತ್ತದೆ. ಒಂದೇ ಪಠ್ಯ ಹಿಡಿಯಿರಿ. ದುಡಿದರೆ ಯಾರೂ ಮೇಲೆ ಬರಬಹುದೆಂಬ ಈ ಕನಸಿನ ವಿಷಯಕ್ಕೆ ನಮ್ಮ ಆಯ್ಕೆ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಮಾಡಿದ ಭಾಷಣ. ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡು ಬಂದವರು ಅವರು. ಅವರನ್ನು ಸ್ವಾತಂತ್ರ್ಯ ದಿನದ ಮಾತಿಗೆ ಕರೆದಿದ್ದರು. "ಈ ಜುಲೈ ನಾಲ್ಕು ನಿಮ್ಮದು, ನನ್ನದಲ್ಲ" ಎಂದರು.

ಮೊದಲ ಓದಿನಲ್ಲಿ ಏನೂ ಗುರುತು ಹಾಕಬೇಡಿ. ಎರಡನೇ ಸಲ ಪೆನ್ಸಿಲ್ ಹಿಡಿದು 'ನೀವು, ನಿಮ್ಮ' ಬಂದಲ್ಲೆಲ್ಲ ಒಂದು ಗೆರೆ, 'ನಾನು, ನಮ್ಮ' ಬಂದಲ್ಲಿ ಎರಡು ಗೆರೆ ಎಳೆಯಿರಿ. ಅಮೆರಿಕದ ಸಂಸ್ಥಾಪಕರನ್ನು ಹೊಗಳುವಾಗಲೇ ಅವರನ್ನು 'ನಿಮ್ಮ ಹಿರಿಯರು' ಎಂದು ಡಗ್ಲಸ್ ದೂರ ಇಡುವುದು ಆಗ ಕಣ್ಣಿಗೆ ಬೀಳುತ್ತದೆ. ಮೇಡಂ ಕೇಳಿದ 'ನಿನ್ನ ಮಾತು' ಇಲ್ಲಿಂದ ಹುಟ್ಟಬೇಕು. 'ಡಗ್ಲಸ್ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾರೆ' ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಹಾಗಾಗಿ ಅದು ವಾದವೇ ಅಲ್ಲ. 'ಮೊದಲು ಹೊಗಳಿದ್ದು ಸೌಜನ್ಯಕ್ಕಲ್ಲ, ಹಿರಿಯರ ಮಾತಿನಿಂದಲೇ ಎದುರು ಕೂತವರನ್ನು ಅಳೆಯುವುದಕ್ಕೆ' ಎಂದು ಬರೆದರೆ ವಾದವಾಯಿತು. ಒಪ್ಪದವರೂ ಇರಬಹುದು, ಸಾಬೀತು ಮಾಡುವ ಹೊಣೆ ನಿಮ್ಮದು.

ಪೀಠಿಕೆಗೆ 150 ಪದ ಸಾಕು. ಹಿನ್ನೆಲೆಗೆ 200 ಪದ, ಅದರಲ್ಲಿ ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯ್ದೆ ಇರಲೇಬೇಕು, ಅದಿಲ್ಲದೆ ಆ ಸಿಟ್ಟು ಅರ್ಥವಾಗದು. ಉಳಿದದ್ದರಲ್ಲಿ ಬಹುಪಾಲು ಭಾಷಣದ ಸಾಲುಗಳಿಗೇ ಇರಲಿ. ಉದ್ಧರಣೆ ನಾಲ್ಕೈದು, ಒಂದೊಂದೂ ಎರಡು ಸಾಲಿನೊಳಗೆ; ಪ್ರತಿಯೊಂದರ ಕೆಳಗೆ ಅದರ ಎರಡರಷ್ಟು ನಿಮ್ಮ ವಿವರಣೆ.

ಎರಡು ಕಡೆ ಎಡವುತ್ತಾರೆ. ಅಧ್ಯಕ್ಷ ಲಿಂಕನ್ನರ ಗುಲಾಮರ ವಿಮೋಚನಾ ಘೋಷಣೆ 1863ರದು; ಅದನ್ನು 1852ರ ಭಾಷಣಕ್ಕೆ ಹಿನ್ನೆಲೆ ಮಾಡಿಬಿಡುತ್ತಾರೆ. ಇನ್ನೊಂದು, ಪಠ್ಯಪುಸ್ತಕದ ಆಯ್ದ ಭಾಗ ಮಾತ್ರ ಓದಿ 'ಡಗ್ಲಸ್ ಸಂವಿಧಾನವನ್ನು ಧಿಕ್ಕರಿಸಿದರು' ಎನ್ನುತ್ತಾರೆ. ಕೊನೆಯ ಭಾಗದಲ್ಲಿ ಅವರು ಅದೇ ಸಂವಿಧಾನವನ್ನು ಸ್ವಾತಂತ್ರ್ಯದ ಭವ್ಯ ದಾಖಲೆ ಎಂದು ಕರೆಯುತ್ತಾರೆ! ಪೂರ್ತಿ ಓದಿ.

ಪ್ರಶ್ನೆ: ಪದವಿ ತರಗತಿಗೆ ಇತಿಹಾಸ ಹೇಳುತ್ತೇನೆ. ಅಮೆರಿಕದ ಅಂತರ್ಯುದ್ಧ ಅಂದರೆ ಹುಡುಗರು ಆಕಳಿಸುತ್ತಾರೆ. ಅವರಿಗೆ ಹತ್ತಿರವಾಗುವ ಅಸೈನ್‌ಮೆಂಟ್ ಏನು ಕೊಡಬಹುದು?
— ಉಪನ್ಯಾಸಕರು, ರಾಯಚೂರು

ಹತ್ತಿ ಕೊಡಿ, ಸರ್. ಎಪಿಎಂಸಿಗೆ ಬರುವ ಗಾಡಿ ನೋಡಿ ಬೆಳೆದ ಹುಡುಗರಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. 1858ರ ಮಾರ್ಚ್ 4ರಂದು ದಕ್ಷಿಣ ಕೆರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್, ಹತ್ತಿಯೇ ರಾಜ, ಅದರ ಮೇಲೆ ಯುದ್ಧ ಹೂಡುವ ಧೈರ್ಯ ಯಾರಿಗೂ ಇಲ್ಲ ಎಂದು ಸೆನೆಟ್‌ನಲ್ಲಿ ಹೇಳಿದ. 1861ರ ಏಪ್ರಿಲ್‌ನಲ್ಲಿ ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ರಾಜ್ಯಗಳ ಜೊತೆ ಯುದ್ಧ ಶುರುವಾಗುತ್ತಲೇ ಲಿಂಕನ್ ಅಲ್ಲಿನ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿಗಳು ಭಾರತ, ಈಜಿಪ್ಟುಗಳ ಕಡೆ ತಿರುಗಿದವು, ಬೊಂಬಾಯಿಯಲ್ಲಿ ಹತ್ತಿ ದರ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಬೊಂಬಾಯಿಯ ಷೇರು ಹುಚ್ಚೂ ಅದರ ಜೊತೆಗೆ ಬಿತ್ತು. ನಮ್ಮ ಹತ್ತಿಯ ಎಳೆ ಗಿಡ್ಡ. ಬೇರೆ ಗತಿಯಿಲ್ಲದಾಗ ಕೊಂಡ ಗಿರಣಿಯವರು ಮತ್ತೆ ಅಮೆರಿಕದ ಉದ್ದ ಎಳೆಗೆ ಮರಳಿದರು. ಹಾಗಾಗಿ ಪ್ರಶ್ನೆಯನ್ನು ಹೀಗೆ ಇಡಿ: 'ಹ್ಯಾಮಂಡ್‌ನ ಲೆಕ್ಕ ಎಲ್ಲಿ ತಪ್ಪಿತು, ಎಲ್ಲಿ ತಪ್ಪಲಿಲ್ಲ?' ಒಂದು ಕಡೆ ಆ ಭಾಷಣ, ಇನ್ನೊಂದು ಕಡೆ ಬ್ರಿಟಿಷ್ ಅಧಿಕಾರಿ ಕೆಲ್ಸಾಲ್ ಬರೆದ 1872ರ ಬಳ್ಳಾರಿ ಜಿಲ್ಲಾ ಮ್ಯಾನ್ಯುಯಲ್. ಈ ಎರಡರಿಂದ ಆರಂಭಿಸಲಿ.

ಅಂಕಿ ತೆಗೆಯುವಾಗ ಕೆಡುವುದೇ ಹೆಚ್ಚು, ಅದನ್ನು ಮೊದಲೇ ಹೇಳಿಬಿಡಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅನಂತಪುರ ಜಿಲ್ಲೆ ಅದರಿಂದ ಬೇರೆಯಾದದ್ದು 1882ರಲ್ಲಿ. ಅಂದರೆ ಯುದ್ಧಕಾಲದ 'ಬಳ್ಳಾರಿ' ಅಂಕಿಯಲ್ಲಿ ಅನಂತಪುರವೂ ಸೇರಿದೆ. ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ 1853ರಿಂದ ಈಸ್ಟ್ ಇಂಡಿಯಾ ಕಂಪನಿ, ಆಮೇಲೆ ಬ್ರಿಟಿಷ್ ಸರ್ಕಾರದ ಕೈಯಲ್ಲಿದ್ದು 1860ರಲ್ಲಿ, ಯುದ್ಧಕ್ಕೆ ಒಂದೇ ವರ್ಷ ಮೊದಲು, ನಿಜಾಮರಿಗೆ ಮರಳಿತು. ನಿಮ್ಮ ಊರಿನ ಲೆಕ್ಕವನ್ನು ಮದ್ರಾಸ್ ವರದಿಯಲ್ಲಿ ಹುಡುಕಿ ಸುಸ್ತಾಗುವುದು ಬೇಡ. ಕ್ಯಾಂಡಿ ಎಂದರೆ ಎಲ್ಲ ಕಡೆ ಒಂದೇ ತೂಕವೂ ಅಲ್ಲ: ಬೊಂಬಾಯಿಯ ಹತ್ತಿ ಕ್ಯಾಂಡಿ 784 ಪೌಂಡ್, ಮದ್ರಾಸಿನದು 500. ಇದನ್ನು ಗಮನಿಸದೆ ಎರಡೂ ದರ ಒಂದೇ ಕೋಷ್ಟಕಕ್ಕೆ ಹಾಕಿದರೆ ತೀರ್ಮಾನವೇ ತಲೆಕೆಳಗು. ಫಸಲಿ ವರ್ಷ, ಅಂದರೆ ಕಂದಾಯ ಲೆಕ್ಕದ ವರ್ಷ, ಸಿಕ್ಕರೆ 590 ಕೂಡಿಸಿ. ಫಸಲಿ 1271 ಎಂದರೆ 1861ರ ಜುಲೈನಿಂದ 1862ರ ಜೂನ್.

ಪ್ರಶ್ನೆ: ಅಮೆರಿಕದ ಒಂದು ಚಿತ್ರದ ಬಗ್ಗೆ ಎರಡು ಪುಟ ಬರೀಬೇಕು. ಚಿತ್ರ ನೋಡಿ ಏನಂತ ಬರೀಲಿ? ನಮ್ಮ ಕಡೆಗೆ ಹೊಂದೋ ಚಿತ್ರ ಯಾವುದಾದ್ರೂ ಐತೇನ್ರಿ?
— ಕುಷ್ಟಗಿ, ಕೊಪ್ಪಳ ಜಿಲ್ಲೆ

ಇದೆ. ಅಮೆರಿಕದ ಕಪ್ಪು ಚಿತ್ರಕಾರ ಜೇಕಬ್ ಲಾರೆನ್ಸ್ 1941ರಲ್ಲಿ ಮುಗಿಸಿದ ವಲಸೆ ಸರಣಿ. ದಕ್ಷಿಣದ ಕಪ್ಪು ಜನ ಉತ್ತರದ ಶಹರಗಳಿಗೆ ಹೋದ ಕಥೆ, 60 ಪುಟ್ಟ ಹಲಗೆಗಳಲ್ಲಿ, ಒಂದೊಂದು 12x18 ಇಂಚು. ಒಂದು ಹಲಗೆ ಮುಗಿಸಿ ಇನ್ನೊಂದಕ್ಕೆ ಹೋಗದೆ, ಒಂದು ಬಣ್ಣ ಕಲಸಿದರೆ ಅದನ್ನು ಎಲ್ಲ ಹಲಗೆಗಳಿಗೂ ಹಚ್ಚಿ ಆಮೇಲೆ ಮುಂದಿನ ಬಣ್ಣಕ್ಕೆ ಹೋದರು. ಮೊದಲನೆಯದಕ್ಕೂ ಕೊನೆಯದಕ್ಕೂ ಬಣ್ಣ ಹೊಂದುವುದು ಅದಕ್ಕೇ.

ಒಂದೇ ಹಲಗೆ ಆರಿಸಿ; ಮೊದಲನೆಯದೇ ಒಳ್ಳೆಯದು, ರೈಲು ನಿಲ್ದಾಣದ ನೂಕುನುಗ್ಗಲು. ಅಡಿಬರಹ ಮುಚ್ಚಿ ಹತ್ತು ನಿಮಿಷ ನೋಡಿ. ಕಂಡದ್ದನ್ನಷ್ಟೇ ಬರೆಯಿರಿ: ಮೂರು ದ್ವಾರ, ಮೇಲೆ ಶಿಕಾಗೊ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಎಂಬ ಹೆಸರು, ಒತ್ತಿಕೊಂಡ ಮೈಗಳು, ಗುರುತು ಹತ್ತದ ಮುಖಗಳು. 'ದುಃಖ', 'ಆಶೆ' ಎಂಬ ಮಾತು ಈ ಹಂತದಲ್ಲಿ ಬೇಡ. ಯಾವ ಬಣ್ಣ, ಯಾವ ಗೆರೆ ಹಾಗನ್ನಿಸಿತು ಎಂದು ತೋರಿಸಿದ ಮೇಲೆ ಬರಲಿ. ಆಮೇಲೆ ಅಡಿಬರಹ ಓದಿ, ಚಿತ್ರ ಹೇಳಿದ್ದಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ ಎಂದು ನೋಡಿ. ಲಾರೆನ್ಸ್ 1993ರಲ್ಲಿ ಅಡಿಬರಹಗಳನ್ನು ಪರಿಷ್ಕರಿಸಿದರು, ಯಾವ ಕಾಲದ್ದು ಬಳಸಿದಿರೋ ತಿಳಿಸಿ.

ಗುಳೆಯ ಜೊತೆ ಹೋಲಿಸುವ ಆಸೆ ಬಂದೇ ಬರುತ್ತದೆ. ಹೋಲಿಸಿ, ಆದರೆ 'ಎರಡೂ ಒಂದೇ' ಎಂದು ಮುಗಿಸಬೇಡಿ. ಗುಳೆ ಹೋದವರು ಬಹುಮಟ್ಟಿಗೆ ಮಳೆಗಾಲಕ್ಕೆ ಊರಿಗೆ ಬರುತ್ತಾರೆ. ಅಲ್ಲಿ ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. ಅವರನ್ನು ಓಡಿಸಿದ್ದರಲ್ಲಿ ಹತ್ತಿ ಕಾಯಿಕೊರಕ ಹುಳ, ಕಡಿಮೆ ಕೂಲಿಯ ಜೊತೆಗೆ ಬಿಳಿಯರ ಗುಂಪುಕೊಲೆಯೂ ಇತ್ತು, ಅದಕ್ಕೇ ಮೀಸಲಾದ ಹಲಗೆಗಳಿವೆ. ಉತ್ತರದ ಇಕ್ಕಟ್ಟಿನ ಮನೆ, ಅಲ್ಲಿನ ಗಲಭೆಯನ್ನೂ ಲಾರೆನ್ಸ್ ಬಿಟ್ಟಿಲ್ಲ.

ಬಣ್ಣದ ಪ್ರಿಂಟೇ ಹಚ್ಚಿ, ಕಪ್ಪು-ಬಿಳಿ ಜೆರಾಕ್ಸ್ ಹಚ್ಚಿ ಬಣ್ಣದ ಬಗ್ಗೆ ವಾದಿಸಿದರೆ ಓದುವವರು ನಂಬುವುದು ಹೇಗೆ? ಕೆಳಗೆ ಹಲಗೆಯ ಸಂಖ್ಯೆ, ವರ್ಷ, ಎಲ್ಲಿದೆ ಎಂಬುದು ಇರಲಿ. ಬೆಸ ಸಂಖ್ಯೆಯವು ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್‌ನಲ್ಲಿ, ಸಮ ಸಂಖ್ಯೆಯವು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿವೆ.

ಪ್ರಶ್ನೆ: ಎಮಿಲಿ ಡಿಕಿನ್ಸನ್ ಕವಿತೆ ಲೈಬ್ರರಿ ಪುಸ್ತಕದಲ್ಲಿ ಒಂದು ಥರ, ನೋಟ್ಸಿನಲ್ಲಿ ಇನ್ನೊಂದು ಥರ ಇದೆ. ಯಾವುದು ಸರಿ?
— ಗಂಗಾವತಿ

ಕವಯಿತ್ರಿ ತೀರಿಕೊಂಡದ್ದು 1886ರಲ್ಲಿ. 1890ರ ಮೊದಲ ಸಂಕಲನದ ಸಂಪಾದಕರು ಅವರು ಸಾಲುಗಳಲ್ಲಿ ಹಾಕಿದ್ದ ಅಡ್ಡಗೆರೆ (ಡ್ಯಾಶ್) ತೆಗೆದರು, ಶೀರ್ಷಿಕೆ ಕೊಟ್ಟರು. ಸಾವು ಗಾಡಿಯಲ್ಲಿ ಕರೆದೊಯ್ಯುವ ಪ್ರಸಿದ್ಧ ಕವಿತೆಯ ಒಂದು ಪದ್ಯವನ್ನೇ ಕೈಬಿಟ್ಟರು. ಹಸ್ತಪ್ರತಿಗೆ ಹತ್ತಿರದ ಪಾಠ ಬಂದದ್ದು 1955ರ ಥಾಮಸ್ ಜಾನ್ಸನ್ ಆವೃತ್ತಿಯಲ್ಲಿ. ಅಡ್ಡಗೆರೆಯ ಬಗ್ಗೆ ಬರೆಯುವುದಾದರೆ 1890ರದನ್ನು ಮುಟ್ಟಲೇಬೇಡಿ. ಯಾವುದನ್ನು ಬಳಸಿದರೂ ಆವೃತ್ತಿ, ಕವಿತೆಯ ಸಂಖ್ಯೆ ನಮೂದಿಸಿ.

ಪ್ರಶ್ನೆ: ಹತ್ತು ಪರ್ಸೆಂಟ್ ಕಾಪಿ ಇದ್ರೆ ನಡೀತದಂತ, ಖರೆ ಏನ್ರಿ?
— ಸಂಡೂರು

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬುದು ನಿಜ. ಆದರೆ ಅದು ಸಂಶೋಧನಾ ಪ್ರಬಂಧ, ಥೀಸಿಸ್‌ಗಳ ಮಾತು. ಅಸೈನ್‌ಮೆಂಟ್, ಟರ್ಮ್ ಪೇಪರ್‌ಗಳನ್ನು ಆ ನಿಯಮವೇ ಹೊರಗಿಟ್ಟಿದೆ. ನಿಮ್ಮ ವಿಭಾಗದ ಲೆಕ್ಕವೇ ಇಲ್ಲಿ ನಡೆಯುವುದು, ಅದನ್ನು ಕೇಳಿಕೊಳ್ಳಿ. ಬಹಳಷ್ಟು ಕಾಪಿ ಆಗುವುದು ಕಳ್ಳತನದಿಂದಲ್ಲ, ಗಡಿಬಿಡಿಯಿಂದ: ಪುಸ್ತಕದ ಸಾಲು, ಸ್ವಂತ ಸಾಲು ಎರಡನ್ನೂ ಒಂದೇ ಶಾಯಿಯಲ್ಲಿ ಬರೆದಿಟ್ಟು ತಿಂಗಳಾದ ಮೇಲೆ ಯಾವುದು ಯಾರದೆಂದು ಗೊತ್ತಾಗುವುದಿಲ್ಲ. ಪುಸ್ತಕದ್ದನ್ನು ಕೆಂಪು ಶಾಯಿಯಲ್ಲಿ, ಪುಟ ಸಂಖ್ಯೆ ಸಮೇತ ಅಲ್ಲಲ್ಲೇ ಬರೆದುಕೊಳ್ಳಿ.